ಆಟಮ್ ಕ್ರಮವೂ ಪಾಠಶುದ್ಧಿಯೂ

ಜಾಲತಾಣದಲ್ಲಿ ಹೊಸದಾಗಿ ಪ್ರಕಟವಾದ ಲೇಖನಗಳ ಶಿರೋನಾಮೆ, ಸಾರಾಂಶ, ಕಾಲ, ವಿಳಾಸಗಳನ್ನು ಗಣಕಯಂತ್ರವು ತಾನೇ ಓದಿಕೊಳ್ಳುವಂತೆ ಅಳವಡಿಸಿಟ್ಟ ಸೂಚಿಗೆ ಫೀಡ್ ಎಂದು ಹೆಸರು. ಓದುಗನು ಹತ್ತಾರು ತಾಣಗಳನ್ನು ನಿತ್ಯವೂ ತೆರೆದು ನೋಡಬೇಕಾದುದಿಲ್ಲ. ರೀಡರ್ ಎಂಬ ತಂತ್ರಾಂಶವೇ ಆ ಸೂಚಿಗಳನ್ನು ಆಗಾಗ ತರಿಸಿಕೊಂಡು ಹೊಸತನ್ನು ಅವನ ಮುಂದಿಡುತ್ತದೆ. ಇಂಥ ಸೂಚಿಯ ರಚನಾಕ್ರಮಗಳಲ್ಲಿ ಹೆಚ್ಚು ಪ್ರಚಾರ ಪಡೆದುದು 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯವರು ಹೊರಡಿಸಿದ ಆರ್‌ಎಸ್‌ಎಸ್. ಈ ಮೂರಕ್ಷರಗಳಿಗೆ ಕಾಲಾಂತರದಲ್ಲಿ ಮೂರು ಬಗೆಯ ವಿಸ್ತರಣೆಗಳು ಹುಟ್ಟಿದುವೆಂಬುದರಿಂದಲೇ ಮುಂದಿನ ಗೊಂದಲವನ್ನು ಊಹಿಸಬಹುದು. 2000ದ ಡಿಸೆಂಬರಿನಲ್ಲಿ ಒಂದು ಪಂಗಡದವರು 1.0 ಎಂಬುದನ್ನು ಪ್ರಕಟಿಸಿದರು. 2002ರಲ್ಲಿ ಡೇವ್ ವೈನರ್ ಎಂಬುವರು 2.0 ಎಂಬುದನ್ನು ಹೊರಡಿಸಿದರು. ಸಂಖ್ಯೆಯನ್ನು ನೋಡಿ ಎರಡನೆಯದು ಮೊದಲನೆಯದರ ಪರಿಷ್ಕರಣವೆಂದು ತಿಳಿಯಲಾಗದು. ಅದು ಬೇರೊಂದು ಶಾಖೆಯ ಪ್ರತಿ.

ಗೊಂದಲವು ಹೆಸರಿಗಷ್ಟೇ ಸೇರಿದ್ದರೆ ಸಹಿಸಬಹುದಾಗಿತ್ತು. ಅದು ಪಾಠಕ್ಕೂ ತಗುಲಿತು. ಲಿಪಿಕಾರನು ಬಿಟ್ಟ ಅಕ್ಷರವನ್ನು ಸಂಪಾದಕನು ಕೋನಾಕಾರದ ಆವರಣದಲ್ಲಿ ತುಂಬಿಕೊಡುವ ಪದ್ಧತಿಯನ್ನು ವಾಚಕರು ಬಲ್ಲರು. ಅದೇ ಚಿಹ್ನೆ ಜಾಲದ ಎಚ್‌ಟಿಎಂಎಲ್ ಭಾಷೆಯಲ್ಲಿ ಪುಟವಿನ್ಯಾಸದ ಸಂಜ್ಞೆ. ಶಾಸನಪಾಠವನ್ನು ರೋಮನ್ ಲಿಪಿಯಲ್ಲಿ ಕೊಡುವ ಲೇಖನವೊಂದರ ಶಿರೋನಾಮೆಯಲ್ಲಿ ಹೀಗೆ ತುಂಬಿದ ಅಕ್ಷರವಿದ್ದರೆ, ಅದು ಪಾಠವೋ ಸಂಜ್ಞೆಯೋ ಎಂದು ತಿಳಿಸುವ ಉಪಾಯವು ಆರ್‌ಎಸ್‌ಎಸ್ 2.0ರಲ್ಲಿ ಇಲ್ಲ. ಒಂದು ರೀಡರು ಅದನ್ನು ತೋರಿಸೀತು, ಇನ್ನೊಂದು ಸದ್ದಿಲ್ಲದೆ ನುಂಗೀತು. ಸಂಪಾದಕನು ಯಾವ ಅಕ್ಷರಕ್ಕಾಗಿ ಶ್ರಮಪಟ್ಟನೋ ಅದೇ ಮಾಯ!

2003ರಲ್ಲಿ ಸ್ಯಾಮ್ ರೂಬಿ ಎಂಬುವರು ಆರಂಭಿಸಿದ ಚರ್ಚೆಯಿಂದ ಹುಟ್ಟಿದ ಆಟಮ್ ಕ್ರಮವನ್ನು, ಅಂತರಜಾಲದ ತಾಂತ್ರಿಕ ನಿಯಮಗಳನ್ನು ಗೊತ್ತುಪಡಿಸುವ ಐಇಟಿಎಫ್ ಮಂಡಲಿಯು 2005ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 4287 ಎಂಬ ಪತ್ರವಾಗಿ ಪ್ರಕಟಿಸಿತು. ಇದರಲ್ಲಿ ಶಿರೋನಾಮೆಯು ಬರಿಯ ಪಠ್ಯವೋ ಎಚ್‌ಟಿಎಂಎಲ್ಲೋ ಎಂಬುದನ್ನು ಟೈಪ್ ಎಂಬ ವಿಶೇಷಣವು ಹೇಳುತ್ತದೆ. ಅದಿಲ್ಲದ ಕಡೆ ಬರಿಯ ಪಠ್ಯವೆಂದೇ ಗ್ರಹಿಸತಕ್ಕದ್ದು. ಪ್ರತಿಯೊಂದು ನಮೂದಿಗೂ ಪರಿಷ್ಕರಣದ ಕಾಲವು ಇರಲೇಬೇಕು. ಭಾಷೆಯನ್ನು ಇಡೀ ಸೂಚಿಗೆ ಮಾತ್ರವಲ್ಲದೆ ಬಿಡಿ ನಮೂದಿಗೂ ಹೇಳಬಹುದಾದುದರಿಂದ, ಕನ್ನಡ ಲೇಖನಕ್ಕೆ ಇಂಗ್ಲಿಷ್ ಸಾರಾಂಶ ಕೊಡುವ ನಮ್ಮ ಪತ್ರಿಕೆಗಳಿಗೆ ಇದು ಒಪ್ಪುತ್ತದೆ. ವೈಜ್ಞಾನಿಕ ಲೇಖನಗಳ ಭಂಡಾರವಾದ ಆರ್‌ಕೈವ್ ತನ್ನ ಶೋಧಫಲಗಳನ್ನು ಯಂತ್ರಗಳಿಗೆ ಒದಗಿಸಲು ಈ ಕ್ರಮವನ್ನೇ ಬಳಸಿದೆ.

ಧ್ವನಿಪ್ರಸಾರದ ಪಾಡ್‌ಕಾಸ್ಟುಗಳಲ್ಲಿ ಇಂದಿಗೂ ಆರ್‌ಎಸ್‌ಎಸ್ಸೇ ರೂಢಿಯಲ್ಲಿದೆ. ಬಹುಪಾಲು ರೀಡರುಗಳು ಎರಡನ್ನೂ ಓದಬಲ್ಲವು. ಆದಕಾರಣ ಜನಪ್ರಿಯತೆಯಿಂದ ಆಟಮ್ ಗೆದ್ದಿತೆನ್ನುವುದು ಅತಿಶಯೋಕ್ತಿ. ಆದರೂ ವಿದ್ವತ್ಪತ್ರಿಕೆಯೊಂದು ಹೊಸತಾಗಿ ಫೀಡನ್ನು ಏರ್ಪಡಿಸುವುದಾದರೆ ಇದನ್ನೇ ಆರಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆಟಮ್ ಪ್ರತಿಯೊಂದು ನಮೂದಿಗೂ ಸ್ಥಿರವಾದ ಗುರುತನ್ನು ವಿಧಿಸಿದೆ. ಪತ್ರಿಕೆಯು ಬೇರೆ ವಿಳಾಸಕ್ಕೆ ಹೋದಾಗಲೂ ಹಳೆಯ ಗುರುತುಗಳನ್ನು ಹಾಗೆಯೇ ಉಳಿಸತಕ್ಕದ್ದು. ವಿಳಾಸದಿಂದಲೇ ಗುರುತನ್ನು ಮತ್ತೆ ಹುಟ್ಟಿಸಿದರೆ ಹತ್ತು ವರ್ಷದ ಲೇಖನಗಳೆಲ್ಲ ಹೊಸವೆಂದು ಒಮ್ಮೆಲೇ ಚಂದಾದಾರರ ಮುಂದೆ ಬಂದು ಬೀಳುತ್ತವೆ.