ಡಬ್ಬಿಯ ಮೇಲೆ ಬಾಸ್, ಕೆರೆಯಲ್ಲಿ ಕೊರಮೀನು: ಗಾಳ ಕೊಳ್ಳುವ ಮುನ್ನ ಒಂದಿಷ್ಟು ತಿಳಿಯೋಣ

ಕೆರೆ ತುಂಬಿತೆಂದರೆ ಸಾಕು, ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಗಾಳ ಹಿಡಿದವರ ಸಾಲು ಕಾಣುತ್ತದೆ. ಹಿಂದೆ ಒಂದು ಬಿದಿರಿನ ಕೋಲು, ನಾಲ್ಕು ಮಾರು ನೈಲಾನ್ ದಾರ, ಒಂದು ಬೆಂಡು, ಡಬ್ಬಿ ತುಂಬ ಎರೆಹುಳು ಇದ್ದರೆ ಮುಗಿಯಿತು. ಈಗ ಹುಡುಗರ ಕೈಯಲ್ಲಿ ಬಣ್ಣದ ರಾಡ್, ಹೊಳೆಯುವ ರೀಲ್, ರಬ್ಬರ್ ಕಪ್ಪೆ! ಪೇಟೆಯಿಂದ ತಂದದ್ದೋ, ಇಂಟರ್‌ನೆಟ್‌ನಲ್ಲಿ ತರಿಸಿದ್ದೋ, ಡಬ್ಬಿಯ ಮೇಲೆ ಮಾತ್ರ ಹೆಚ್ಚಾಗಿ ಒಂದೇ ಹೆಸರು: ಬಾಸ್.

ಈ ಬಾಸ್ ಎಂದರೆ ಯಜಮಾನನಲ್ಲ, ಅಮೆರಿಕದ ಒಂದು ಮೀನು. ಅದು ನಮ್ಮ ಕೆರೆಗಳಲ್ಲಿ ಇಲ್ಲ. ಹಾಗಾದರೆ ಅದಕ್ಕೆಂದು ಮಾಡಿದ ಸಾಮಾನು ನಮಗೇಕೆ? ಕೆಲವು ಬಹಳ ಚೆನ್ನಾಗಿ ಒಗ್ಗುತ್ತವೆ, ಕೆಲವು ದುಡ್ಡು ದಂಡ. ಯಾವುದು ಯಾವುದು ಎಂದು ತಿಳಿಯುವುದೇ ಈ ಲೇಖನದ ಉದ್ದೇಶ. ಕೊನೆಯಲ್ಲಿ, ಗಾಳ ಹಾಕಲೇಬಾರದ ಒಂದು ಸಂದರ್ಭವನ್ನೂ ಹೇಳಬೇಕಿದೆ.

ಬಾಸ್ ಯಾರು, ಕೊರಮೀನು ಯಾರು?

ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್, ಉತ್ತರ ಅಮೆರಿಕದ ಸಿಹಿನೀರಿನ ಮೀನು. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬಾತ ಹಿಡಿದ 22 ಪೌಂಡ್ 4 ಔನ್ಸ್ (ಸುಮಾರು 10 ಕಿಲೋ) ತೂಕದ ಬಾಸ್ ಇಂದಿಗೂ ಗಾಳಗಾರರ ಮಾತಿನಲ್ಲಿದೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮನಾದ ಮೀನೊಂದು ಸಿಕ್ಕಿತು. ಈ ಮೀನು ನೀರಿನಲ್ಲಿ ಬೇಟೆಯನ್ನು ಅಟ್ಟಿಸಿಕೊಂಡು ಬಹಳ ದೂರ ಹೋಗುವುದಿಲ್ಲ. ಜೊಂಡಿನಲ್ಲಿ, ಎಲೆಗಳ ನೆರಳಿನಲ್ಲಿ ಅವಿತು ಕುಳಿತು, ಹತ್ತಿರ ಬಂದ ಮರಿಮೀನು, ಕಪ್ಪೆಗಳ ಮೇಲೆ ಒಮ್ಮೆಲೇ ಎರಗುತ್ತದೆ.

ಇದನ್ನು ಓದುವಾಗ ನಿಮಗೆ ನಮ್ಮದೇ ಒಂದು ಮೀನು ನೆನಪಾಗಿರಬೇಕು. ಹಾವಿನಂಥ ತಲೆ, ಉದ್ದನೆಯ ದುಂಡು ಮೈ. ತೆಲುಗಿನಲ್ಲಿ ಕೊರ್ರಮೀನು, ತಮಿಳಿನಲ್ಲಿ ವಿರಾಲ್, ಮಲಯಾಳದಲ್ಲಿ ವರಾಲ್, ಮರಾಠಿಯಲ್ಲಿ ಮರಳ. ಕನ್ನಡದಲ್ಲಿ ಊರಿಗೊಂದು ಹೆಸರು: ಕೊರಮೀನು, ಕೊರವ, ಮುರ್ಲು. ತೆಲಂಗಾಣಕ್ಕೆ ಇದೇ ರಾಜ್ಯದ ಮೀನು. ಮೃಗಶಿರ ಕಾರ್ತಿಯ ದಿನ ಆ ಕಡೆಯ ಸಂತೆಯಲ್ಲಿ ಇದರ ಬೆಲೆ ಕೇಳಿದವರಿಗೆ ಇದರ ಮರ್ಯಾದೆ ಎಷ್ಟೆಂದು ಗೊತ್ತು.

ಬಾಸ್ ಮತ್ತು ಕೊರಮೀನು ಬಂಧುಗಳಲ್ಲ. ಆದರೆ ಬೇಟೆಯಾಡುವ ರೀತಿ ಒಂದೇ. ಎರಡು ವ್ಯತ್ಯಾಸಗಳನ್ನು ಮಾತ್ರ ನೆನಪಿಡಿ. ಒಂದು, ಕೊರಮೀನಿಗೆ ಚೂಪಾದ ಹಲ್ಲುಗಳಿವೆ. ಬಾಸ್‌ನ ಹಲ್ಲು ಅರದಂತೆ ತರಿತರಿ ಅಷ್ಟೇ. ಎರಡು, ಕೊರಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಆದ್ದರಿಂದಲೇ ಬೇರೆ ಮೀನು ಬದುಕದ ಕೆಸರು ಗುಂಡಿಯಲ್ಲೂ ಅದು ಬದುಕುತ್ತದೆ.

ರಾಡ್ ಮತ್ತು ರೀಲ್

ಅಂಗಡಿಯಲ್ಲಿ ಮೊದಲು ಬೆಲೆ ನೋಡಬೇಡಿ, ರಾಡಿನ ಮೇಲೆ ಬರೆದದ್ದನ್ನು ನೋಡಿ. ಉದ್ದ ಆರೂವರೆಯಿಂದ ಏಳು ಅಡಿ ಇರಲಿ. ಬಲದ ಜಾಗದಲ್ಲಿ ‘ಮೀಡಿಯಂ ಹೆವಿ’ ಎಂದಿದ್ದರೆ ನಮ್ಮ ಕೆಲಸಕ್ಕೆ ಸರಿ. ‘ಅಲ್ಟ್ರಾ ಲೈಟ್’ ಎಂದು ಬರೆದ ತೆಳು ರಾಡ್ ಬಯಲು ನೀರಿನ ಸಣ್ಣ ಮೀನಿಗೆ ಚೆಂದ. ಜೊಂಡಿನೊಳಗಿಂದ ಎರಡು ಕಿಲೋ ಕೊರಮೀನನ್ನು ಎಳೆಯಲು ಆಗದು. ಎಷ್ಟು ಗ್ರಾಂ ತೂಕದ ಎರೆ ಎಸೆಯಬಹುದು ಎಂದೂ ಅಲ್ಲೇ ಬರೆದಿರುತ್ತದೆ. ರಬ್ಬರ್ ಕಪ್ಪೆ ಸಾಮಾನ್ಯವಾಗಿ 10ರಿಂದ 15 ಗ್ರಾಂ ತೂಗುವುದರಿಂದ ಆ ತೂಕ ಅದರೊಳಗೆ ಬರಬೇಕು.

ಫೈಬರ್ ಗ್ಲಾಸ್ ರಾಡ್ ಸ್ವಲ್ಪ ಭಾರ, ಆದರೆ ಗಟ್ಟಿ. ಬೈಕಿಗೆ ಕಟ್ಟಿಕೊಂಡು ಹೋದರೂ ತಾಳಿಕೊಳ್ಳುತ್ತದೆ. ಕಾರ್ಬನ್ ರಾಡ್ ಹಗುರ, ಬೆಲೆ ಹೆಚ್ಚು, ಕಲ್ಲಿಗೆ ಬಡಿದರೆ ಸೀಳುತ್ತದೆ. ಹೊಸಬರಿಗೆ ಫೈಬರ್ ಗ್ಲಾಸ್ ಸಾಕು.

ಕೊಳ್ಳುವಾಗ ಒಂದು ಸುಲಭ ಪರೀಕ್ಷೆ ಮಾಡಿ. ದಾರ ಹಾಯುವ ಪ್ರತಿ ಉಂಗುರದೊಳಗೂ ಒಂದು ಎಸಳು ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಆ ಉಂಗುರದಲ್ಲಿ ಬಿರುಕಿದೆ ಎಂದು ಅರ್ಥ. ಅಂಥ ಉಂಗುರ ದಾರವನ್ನು ತಿಂದುಹಾಕುತ್ತದೆ.

ರೀಲಿನಲ್ಲಿ ಎರಡು ಜಾತಿ. ರಾಡಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲ್ ಕಲಿಯಲು ಸುಲಭ. ಮೇಲೆ ಕೂರುವ ಬೇಟ್‌ಕಾಸ್ಟರ್ ಹೆಚ್ಚು ಬಲಶಾಲಿ, ಆದರೆ ಹೆಬ್ಬೆರಳಿನ ಹಿಡಿತ ತಪ್ಪಿದರೆ ದಾರವೆಲ್ಲ ಗೀಜಗನ ಗೂಡು! 3000 ಅಥವಾ 4000 ಎಂಬ ಅಳತೆಯ ಸ್ಪಿನ್ನಿಂಗ್ ರೀಲಿನಿಂದ ಆರಂಭಿಸಿ. ಅದರ ತುದಿಯ ತಿರುಪಿಗೆ ಡ್ರ್ಯಾಗ್ ಎನ್ನುತ್ತಾರೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಬದಲು ಸ್ವಲ್ಪ ಬಿಟ್ಟುಕೊಡಲಿ ಎಂದು ಅದು ಇರುವುದು. ದಾರದ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲಿನಷ್ಟು ಎಳೆತಕ್ಕೆ ಅದು ಬಿಡುವಂತೆ ಬಿಗಿ ಮಾಡಿಕೊಳ್ಳಿ.

ದಾರ ಮತ್ತು ಗಂಟು

ದುಡ್ಡು ಹಾಕುವುದಿದ್ದರೆ ದಾರಕ್ಕೆ ಹಾಕಿ. ನೈಲಾನ್ ದಾರ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ಮೀನು ಕಚ್ಚಿದಾಗ ನೀವು ಜಗ್ಗಿದ ಬಲ ಹಿಗ್ಗುವುದರಲ್ಲೇ ಕಳೆದುಹೋಗುತ್ತದೆ, ಅಷ್ಟರಲ್ಲಿ ಮೀನು ಜೊಂಡಿನೊಳಗೆ ನುಗ್ಗಿರುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದಿಲ್ಲ. ತಾವರೆಯ ದಂಟನ್ನೂ ಕೊಯ್ದುಕೊಂಡು ಬರುತ್ತದೆ. 30ರಿಂದ 40 ಪೌಂಡ್ ಬಲದ್ದು ನಮ್ಮ ಕೆರೆಗಳಿಗೆ ಸಾಕು.

ಬ್ರೇಡ್ ಹಾಕುವಾಗ ರೀಲಿನ ತಳಕ್ಕೆ ಮೊದಲು ನಾಲ್ಕು ಸುತ್ತು ನೈಲಾನ್ ಸುತ್ತಿ, ಇಲ್ಲದಿದ್ದರೆ ಜಾರುತ್ತದೆ. ಯಾವ ಕಾರಣಕ್ಕೂ ಬ್ರೇಡನ್ನು ಕೈಗೆ ಸುತ್ತಿಕೊಂಡು ಎಳೆಯಬೇಡಿ. ಬೆರಳು ಕೊಯ್ಯುತ್ತದೆ.

ಗಂಟು ಸರಿಯಿಲ್ಲದಿದ್ದರೆ ಎಷ್ಟು ಬೆಲೆಯ ದಾರವಾದರೂ ವ್ಯರ್ಥ. ಸುಲಭದ ಗಂಟು ಹೀಗಿದೆ. ದಾರವನ್ನು ಇಮ್ಮಡಿ ಮಡಚಿ, ಆ ಕುಣಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಇಮ್ಮಡಿ ದಾರದಿಂದಲೇ ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಿ. ಈಗ ತುದಿಯ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ. ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಇದಕ್ಕೆ ಪಾಲೊಮಾರ್ ಗಂಟು ಎಂದು ಹೆಸರು. ಮನೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿದರೆ ಕತ್ತಲಲ್ಲೂ ಹಾಕಬಹುದು.

ಯಾವ ಎರೆ?

ಡಬ್ಬಿಗಳಲ್ಲಿ ಬರುವ ನೂರೆಂಟು ಬಣ್ಣದ ಎರೆಗಳಲ್ಲಿ ನಮಗೆ ಬೇಕಾದದ್ದು ಎರಡೋ ಮೂರೋ. ಮೊದಲನೆಯದು ಪೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಇದರ ಎರಡು ಗಾಳಗಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವುದರಿಂದ ಜೊಂಡು, ಅಂತರಗಂಗೆಯ ಮೇಲೆ ಎಳೆದರೂ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಪೊಳ್ಳು ಮೈ ಅಮುಕಿ ಗಾಳ ಹೊರಬರುತ್ತದೆ. ಬಾಸ್‌ಗೆಂದು ಮಾಡಿದ ಈ ಎರೆ ಕೊರಮೀನಿಗೆ ಹೇಳಿ ಮಾಡಿಸಿದಂತಿದೆ. ಎರಡನೆಯದು ಹೊಳೆಯುವ ಲೋಹದ ಚಮಚ, ಅಂದರೆ ಸ್ಪೂನ್. ಇದು ಜೊಂಡಿನ ಅಂಚಿನ ಬಯಲು ನೀರಿಗೆ.

ಆಳಕ್ಕೆ ಮುಳುಗುವ, ಮೂರು ಮುಳ್ಳಿನ ಗಾಳ ನೇತಾಡುವ ಪ್ಲಾಸ್ಟಿಕ್ ಮೀನುಗಳು ಆಳವಾದ ಜಲಾಶಯಕ್ಕೆ ಸರಿ. ಜೊಂಡಿನ ಕೆರೆಯಲ್ಲಿ ಮೊದಲ ಎಸೆತಕ್ಕೇ ಸಿಕ್ಕಿಹಾಕಿಕೊಳ್ಳುತ್ತವೆ. ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು ಬಾಸ್‌ಗೆ ಬಲು ಪ್ರಿಯ, ಆದರೆ ಕೊರಮೀನಿನ ಹಲ್ಲಿಗೆ ಎರಡೇ ಕಚ್ಚಿಗೆ ಚೂರು.

ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದು ಹಳೆಯ ರೂಢಿ. ಅದನ್ನು ಬಿಡುವುದು ಒಳ್ಳೆಯದು. ಕಪ್ಪೆ ಗದ್ದೆಯ ಹುಳುಗಳನ್ನು ತಿನ್ನುವ ಜೀವಿ. ಕಪ್ಪೆ ಕಾಲಿನ ರಫ್ತನ್ನು ನಮ್ಮ ದೇಶ 1987ರಲ್ಲಿ ನಿಷೇಧಿಸಿತು. ರಬ್ಬರ್ ಕಪ್ಪೆ ಇರುವಾಗ ಗದ್ದೆಯ ಕಪ್ಪೆಗೆ ಯಾಕೆ ಕಷ್ಟ?

ಎಸೆಯುವ ಮೊದಲು ನೋಡಿ

ಹೊಸಬರು ಕೆರೆಗೆ ಬಂದವರೇ ಎಸೆಯಲು ಶುರುಮಾಡುತ್ತಾರೆ. ಹಿರಿಯರು ಮೊದಲು ಒಂದು ಬೀಡಿ ಮುಗಿಯುವವರೆಗೆ ಸುಮ್ಮನೆ ಕುಳಿತು ನೀರು ನೋಡುತ್ತಾರೆ. ಇದರಲ್ಲಿ ಅರ್ಥವಿದೆ. ಕೊರಮೀನು ಗಾಳಿಗೆಂದು ಮೇಲೆ ಬರಲೇಬೇಕು. ‘ಗುಳುಕ್’ ಎಂಬ ಸದ್ದು, ಒಂದು ಸಣ್ಣ ಸುಳಿ, ಮೇಲೇಳುವ ಗುಳ್ಳೆ. ಎಲ್ಲಿ ಎಂದು ಗುರುತಿಟ್ಟುಕೊಳ್ಳಿ. ಬೆಳಗಿನ ಜಾವ, ಸಂಜೆ, ಮೋಡ ಕವಿದ ಹೊತ್ತು ಒಳ್ಳೆಯದು.

ಕಪ್ಪೆಯನ್ನು ಮೀನಿನ ತಲೆಯ ಮೇಲೆ ಬೀಳಿಸಬೇಡಿ. ಅದರಿಂದ ಎರಡು ಮೂರು ಮೀಟರ್ ಆಚೆ ಬೀಳಿಸಿ ಇತ್ತ ಎಳೆಯಿರಿ. ಎರಡು ಜಿಗಿತ, ಒಂದು ನಿಲುಗಡೆ. ಎಲೆಗಳ ನಡುವೆ ಕಿಂಡಿ ಸಿಕ್ಕಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ. ಹೆಚ್ಚಾಗಿ ಪೆಟ್ಟು ಬೀಳುವುದು ಅಲ್ಲೇ.

ನೀರು ಸಿಡಿದ ಕೂಡಲೇ ಜಗ್ಗುವುದು ಎಲ್ಲರೂ ಮಾಡುವ ತಪ್ಪು. ಆಗ ಕಪ್ಪೆ ಮಾತ್ರ ಹಾರಿ ನಿಮ್ಮ ಮುಖಕ್ಕೇ ಬರಬಹುದು. ಮನಸ್ಸಿನಲ್ಲಿ ಒಂದು, ಎರಡು ಎಣಿಸಿ. ದಾರದಲ್ಲಿ ಭಾರ ತಿಳಿದ ಮೇಲೆ ಗಟ್ಟಿಯಾಗಿ ಜಗ್ಗಿ. ಆಮೇಲೆ ಸಡಿಲ ಬಿಡಬೇಡಿ. ರಾಡ್ ಮೇಲೆತ್ತಿ ಮೀನಿನ ತಲೆ ನೀರಿನ ಮೇಲೆಯೇ ಇರುವಂತೆ ಜೊಂಡಿನ ಮೇಲಿಂದ ಜಾರಿಸಿಕೊಂಡು ಬನ್ನಿ. ಗಾಳ ಬಿಡಿಸಲು ಇಕ್ಕಳ ಬೇಕೇ ಬೇಕು, ಬೆರಳು ಹಾಕಬೇಡಿ.

ಕೆಂಪು ಮರಿಗಳು ಕಂಡರೆ ಗಾಳ ಎತ್ತಿ

ಈಗ ಮುಖ್ಯ ವಿಷಯ. ಮಳೆಗಾಲದಲ್ಲಿ ಜೊಂಡಿನ ನಡುವೆ ನೀರು ಒಂದೇ ಕಡೆ ಮಿಣಮಿಣ ಕುದಿಯುವಂತೆ ಕಾಣುತ್ತದೆ. ಹತ್ತಿರ ಹೋದರೆ ಕಿತ್ತಳೆಗೆಂಪು ಬಣ್ಣದ ಸಾವಿರಾರು ಮರಿಗಳ ಗುಂಪು. ಕೆಳಗೆ ಎಲ್ಲೋ ತಾಯಿ ತಂದೆ ಕಾವಲಿಗಿರುತ್ತವೆ. ಮೀನುಗಳಲ್ಲಿ ಇಂಥ ಸಂಸಾರ ಅಪರೂಪ. ಮೊಟ್ಟೆ ಇಟ್ಟಾಗಿನಿಂದ ಮರಿಗಳು ಬಣ್ಣ ಬದಲಿಸಿ ತಾವೇ ಬದುಕುವವರೆಗೆ ವಾರಗಟ್ಟಲೆ ಕಾಯುತ್ತವೆ.

ಆ ಗುಂಪಿನ ಮಧ್ಯೆ ಕಪ್ಪೆ ಎಸೆದರೆ ಪೆಟ್ಟು ಖಚಿತ. ಅದು ಹಸಿವಿನಿಂದಲ್ಲ, ಮರಿಗಳನ್ನು ಉಳಿಸುವ ಸಿಟ್ಟಿನಿಂದ. ಕೆರೆಯಲ್ಲಿ ಅತಿ ಸುಲಭವಾಗಿ ಸಿಗುವ ಮೀನು ಇದೇ. ಹಿಡಿಯಬಾರದ ಮೀನೂ ಇದೇ. ಕಾವಲು ತಪ್ಪಿದ ಮರಿಗಳು ಬೇರೆ ಮೀನು, ಹಕ್ಕಿಗಳ ಪಾಲಾಗುತ್ತವೆ. ಒಂದು ಹೊತ್ತಿನ ಸಾರಿಗೆ ಮುಂದಿನ ವರ್ಷದ ಕೆರೆಯನ್ನೇ ತಿಂದಂತೆ.

ವಿದೇಶಿ ವಿಡಿಯೋಗಳಲ್ಲಿ ಮರಿಗಳ ಗುಂಪಿಗೇ ಎಸೆದು ಹಿಡಿಯುವುದನ್ನು ತೋರಿಸುತ್ತಾರೆ. ಅಮೆರಿಕದ ಮಾತು ಬೇರೆ. ಅಲ್ಲಿ ಕೊರಮೀನಿನ ಕುಲದವು ಹೊರಗಿನಿಂದ ಬಂದು ಸೇರಿದ ಪಿಡುಗು. 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್ ಎಂಬ ಊರಿನ ಹೊಂಡದಲ್ಲಿ ಅವು ಕಂಡಾಗ ಇಡೀ ಹೊಂಡಕ್ಕೇ ವಿಷ ಹಾಕಿದರು. ಇಲ್ಲಿ ಅದು ನಮ್ಮ ಮನೆಯ ಮೀನು. ಅಲ್ಲಿಯ ಕಪ್ಪೆ ಬರಲಿ, ಅಲ್ಲಿಯ ಪಾಠ ಬೇಡ.

ಗಡಿ ದಾಟಿದರೆ ಕಾನೂನೂ ಬೇರೆ

ನಮ್ಮ ಕಡೆ ಏರಿಯ ಈ ತುದಿ ಒಂದು ರಾಜ್ಯ, ಆ ತುದಿ ಇನ್ನೊಂದು ಎಂಬಂಥ ಜಾಗಗಳುಂಟು. ಒಳನಾಡು ಮೀನುಗಾರಿಕೆ ಆಯಾ ರಾಜ್ಯದ ವಿಷಯ. ಬಹಳಷ್ಟು ಕೆರೆಗಳಲ್ಲಿ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಗಾಳ ಹಾಕುವ ಮೊದಲು ಪಂಚಾಯಿತಿಯಲ್ಲೋ ಸಂಘದಲ್ಲೋ ಒಂದು ಮಾತು ಕೇಳಿ. ಮರಿ ಬಿಟ್ಟು ಸಾಕಿದವರ ಹೊಟ್ಟೆಪಾಡು ಅದು.

ಕಾಸರಗೋಡು, ವಯನಾಡಿನ ಓದುಗರಿಗೆ ಇನ್ನೊಂದು ಮಾತು. ಮೊದಲ ಮಳೆಗೆ ಮೊಟ್ಟೆ ಇಡಲು ತೋಡು, ಗದ್ದೆಗೆ ಹತ್ತುವ ಮೀನನ್ನು ಹಿಡಿಯುವ ‘ಊತ್ತ’ ಬೇಟೆಗೆ ಕೇರಳದಲ್ಲಿ ನಿಷೇಧವಿದೆ. ಇನ್ನು ಸಿಡಿಮದ್ದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಜೀವಕ್ಕೆ ಜೋಪಾನ

ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ಏರಿಯ ಪಕ್ಕದಲ್ಲಿ ಪಂಪ್‌ಸೆಟ್ಟಿನ ತಂತಿ ತಗ್ಗಿನಲ್ಲಿ ಹಾದುಹೋಗಿದ್ದರೆ ಅಲ್ಲಿ ರಾಡ್ ಎತ್ತಲೇಬೇಡಿ. ಗುಡುಗು ಮಿಂಚು ಶುರುವಾದರೆ ಸಾಮಾನು ಮಡಚಿ ಹೊರಡಿ. ಸಿಕ್ಕಿಕೊಂಡ ಎರೆ ಬಿಡಿಸಲು ಹೂಳಿನ ಕೆರೆಗೆ ಇಳಿಯಬೇಡಿ. ಕಪ್ಪೆ ಹೋದರೆ ಇನ್ನೊಂದು ಕೊಳ್ಳಬಹುದು.

ಗಾಳದ ಮುಳ್ಳು ಬೆರಳಿನೊಳಗೆ ಪೂರ್ತಿ ಹೊಕ್ಕರೆ ಹಿಂದಕ್ಕೆ ಕೀಳಬೇಡಿ, ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ. ತುಂಡಾದ ದಾರವನ್ನು ಅಲ್ಲೇ ಎಸೆಯಬೇಡಿ. ಕೊಕ್ಕರೆ, ನೀರುಕೋಳಿಗಳ ಕಾಲಿಗೆ ಸುತ್ತಿ ಸಾಯುತ್ತವೆ.

ಇನ್ನೊಂದು ವಿಷಯ. ಗಾಳಿ ಉಸಿರಾಡುವ ಕೊರಮೀನು ಕೊಳಕು ನೀರಲ್ಲೂ ಬದುಕುತ್ತದೆ. ಮೀನಿದೆ ಎಂದ ಮಾತ್ರಕ್ಕೆ ನೀರು ಒಳ್ಳೆಯದೆಂದು ತಿಳಿಯಬೇಡಿ. ನೊರೆ ತೇಲುವ, ಕಾರ್ಖಾನೆ ಅಥವಾ ಚರಂಡಿ ನೀರು ಸೇರುವ ಕಡೆ ಹಿಡಿದದ್ದನ್ನು ಮನೆಗೆ ತರಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ, ಒಂದು ಗಟ್ಟಿ ರಾಡ್, ಒಂದು ಸಾದಾ ರೀಲ್, ಒಳ್ಳೆಯ ದಾರ, ಎರಡು ರಬ್ಬರ್ ಕಪ್ಪೆ, ಒಂದು ಇಕ್ಕಳ. ಇಷ್ಟಿದ್ದರೆ ಸಾಕು. ಉಳಿದದ್ದು ಕಾಯುವ ತಾಳ್ಮೆ. ಮುಂದಿನ ಮಳೆಗೆ ಕೆಂಪು ಮರಿಗಳ ಗುಂಪು ಕಂಡರೆ ಮಕ್ಕಳನ್ನು ಕರೆದು ತೋರಿಸಿ, ಗಾಳವನ್ನು ಆ ದಿನ ಬೇರೆ ಕಡೆ ಹಾಕಿ.