ಎರಡು ಟ್ಯೂಬಿನ ಸಿ.ಟಿ. ಸ್ಕ್ಯಾನ್ ಎಂದರೆ ಎರಡು ಪಟ್ಟು ವಿಕಿರಣವೇ?



ದೊಡ್ಡ ಚಿಕಿತ್ಸೆಗೆ ಗಡಿ ದಾಟುವುದು ನಮಗೆ ಹೊಸತಲ್ಲ. ಕಾಸರಗೋಡಿನವರು ಮಂಗಳೂರಿಗೆ, ಆದೋನಿಯವರು ಬಳ್ಳಾರಿಗೆ, ತಾಳವಾಡಿಯವರು ಮೈಸೂರಿಗೆ, ಹೊಸೂರಿನವರು ಬೆಂಗಳೂರಿಗೆ ಹೋಗಿ ಬರುತ್ತಲೇ ಇರುತ್ತಾರೆ. ಹಾಗೆ ಹೋದ ಕೆಲವರ ಕೈಯ ಚೀಟಿಯಲ್ಲಿ ಈಚೆಗೆ 'ಡ್ಯುಯಲ್ ಸೋರ್ಸ್ ಸಿ.ಟಿ.' ಎಂದು ಬರೆದಿರುತ್ತದೆ. ಒಂದು ಯಂತ್ರದೊಳಗೆ ಎರಡು ಎಕ್ಸ್‌ರೇ ಟ್ಯೂಬು ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ಮೈಗೆ ಬೀಳುವ ವಿಕಿರಣವೂ ಎರಡು ಪಟ್ಟಲ್ಲವೇ? ಸದಸ್ಯರೊಬ್ಬರು ಇದೇ ಭಯದಿಂದ ಹೃದಯದ ಪರೀಕ್ಷೆಯನ್ನೇ ಎರಡು ತಿಂಗಳು ಮುಂದೂಡಿದ್ದರು. ಆ ಕಾರಣಕ್ಕೆ ಈ ಲೇಖನ. ನಾನು ವೈದ್ಯನಲ್ಲ, ಲೆಕ್ಕ ಬರೆದು ನಿವೃತ್ತನಾದ ಗುಮಾಸ್ತ. ಈ ವಿಷಯದ ತಿರುಳು ಲೆಕ್ಕದಲ್ಲೇ ಇರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಸಾಮಾನ್ಯ ಎಕ್ಸ್‌ರೇ ಎಂದರೆ ಒಂದು ನೆರಳು, ಅಷ್ಟೇ. 1895ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜನ್ ಕಂಡುಹಿಡಿದದ್ದು ಇದನ್ನೇ. ನೆರಳಿನಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬಿದ್ದಿರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಕಂಡ ಕಲೆ ಪಕ್ಕೆಲುಬಿನದೋ ಅದರ ಹಿಂದಿನ ಶ್ವಾಸಕೋಶದ್ದೋ ಎಂದು ಹೇಳುವುದು ಎಷ್ಟೋ ಸಲ ಕಷ್ಟ. ಸುತ್ತಲೂ ಹಲವು ಕೋನಗಳಿಂದ ನೆರಳು ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ, ಒಳಗೆ ಯಾವುದು ಎಲ್ಲಿದೆ ಎಂದು ಲೆಕ್ಕ ಹಾಕಿ ಹೋಳು ಹೋಳಾಗಿ ಚಿತ್ರ ಕಟ್ಟಿಕೊಡುತ್ತದೆ. ಇದೇ ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮಾಡಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಸ್ಕ್ಯಾನ್ ನಡೆಯಿತು. ಇದರ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರಲ್ಲಿ ನೊಬೆಲ್ ಹಂಚಿಕೊಂಡರು.

ಆ ಮೊದಲ ಯಂತ್ರಕ್ಕೆ ಒಂದು ಸುತ್ತಿನ ನೆರಳು ಕೂಡಿಸಲು ನಾಲ್ಕೈದು ನಿಮಿಷ ಬೇಕಾಗುತ್ತಿತ್ತು. ತಲೆಯನ್ನು ಅಷ್ಟು ಹೊತ್ತು ಅಲುಗಾಡದಂತೆ ಹಿಡಿದಿಡಬಹುದು. ಹೃದಯವನ್ನು ಹಿಡಿದಿಡುವವರು ಯಾರು?

ಯಕ್ಷಗಾನ ನೋಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ವೇಷಧಾರಿ ಧೀಂಗಿಣ ಹಾಕುತ್ತಿದ್ದಾನೆ ಎಂದುಕೊಳ್ಳಿ. ಒಬ್ಬನೇ ಫೋಟೋಗ್ರಾಫರ್ ರಂಗಸ್ಥಳದ ಸುತ್ತ ಓಡುತ್ತಾ ಎಲ್ಲ ಕಡೆಯಿಂದ ಚಿತ್ರ ತೆಗೆಯಲು ಹೊರಟರೆ, ಆತ ಎಡಗಡೆಗೆ ಬರುವಷ್ಟರಲ್ಲಿ ವೇಷ ಬೇರೆಯೇ ಭಂಗಿಯಲ್ಲಿರುತ್ತದೆ. ಎಲ್ಲ ಚಿತ್ರ ಕೂಡಿಸಿದರೆ ನಾಲ್ಕು ಕೈ, ಎರಡು ಕಿರೀಟ! ಪರಿಹಾರ ಎರಡೇ: ಫೋಟೋಗ್ರಾಫರ್ ಇನ್ನೂ ಜೋರಾಗಿ ಓಡಬೇಕು, ಇಲ್ಲವೇ ಹೆಚ್ಚು ಜನ ಫೋಟೋಗ್ರಾಫರುಗಳು ಬೇಕು.

ಮೊದಲು ಓಡುವ ದಾರಿಯನ್ನೇ ಹಿಡಿದರು. ಎಕ್ಸ್‌ರೇ ಟ್ಯೂಬು ರೋಗಿಯ ಸುತ್ತ ಒಂದು ಸುತ್ತು ಬರುವ ಸಮಯ ನಿಮಿಷಗಳಿಂದ ಸೆಕೆಂಡಿಗೆ, ಸೆಕೆಂಡಿನಿಂದ ಅದರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆದರೆ ತಿರುಗುವ ವಸ್ತು ಹೊರಗೆ ಎಳೆಯುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಟ್ಯೂಬು ನಡುವಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದು 0.33 ಸೆಕೆಂಡಿಗೆ ಒಂದು ಸುತ್ತು ಹೊಡೆದರೆ, ಅದರ ಮೇಲಿನ ಎಳೆತ ಭೂಮಿಯ ಸೆಳೆತದ ಸುಮಾರು 22 ಪಟ್ಟು. ನೀವೂ ಲೆಕ್ಕ ಹಾಕಿ ನೋಡಬಹುದು. ಹತ್ತು ಕಿಲೋ ತೂಕದ ಭಾಗ 220 ಕಿಲೋ ತೂಗಿದಂತೆ ಜಗ್ಗುತ್ತದೆ. ಇದೇ ವೇಗವನ್ನು ಇಮ್ಮಡಿ ಮಾಡಲು ಹೋದರೆ ಆ ಹತ್ತು ಕಿಲೋ 880 ಆಗುತ್ತದೆ. ಬೋಲ್ಟು, ಬೇರಿಂಗು ಎಷ್ಟೆಂದು ತಡೆದುಕೊಂಡಾವು!

ಹೆಚ್ಚು ಫೋಟೋಗ್ರಾಫರುಗಳ ದಾರಿ ಹೊಸದೇನಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹಿಂದೆಯೇ, 1970ರ ದಶಕದ ಕೊನೆಗೆ, 14 ಎಕ್ಸ್‌ರೇ ಟ್ಯೂಬುಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿದ ಯಂತ್ರವೊಂದನ್ನು ಕಟ್ಟಿದ್ದರು. ಮೂಲ ಯೋಜನೆಯಲ್ಲಿ ಇದ್ದದ್ದು 28 ಟ್ಯೂಬು. ಬಡಿಯುವ ಹೃದಯದ ಮೂರು ಆಯಾಮದ ಚಿತ್ರವನ್ನು ಸೆಕೆಂಡಿಗೆ 60 ಸಲ ಹಿಡಿಯಬಲ್ಲ ಯಂತ್ರ ಅದು. ಆದರೆ ಹತ್ತು ಟನ್ನಿಗೂ ಮಿಕ್ಕಿದ ಆ ದೈತ್ಯ ಸಂಶೋಧನೆಗೆ ಮೀಸಲಾಗಿಯೇ ಉಳಿಯಿತು. ಸಾಮಾನ್ಯ ಆಸ್ಪತ್ರೆಗೆ ಅದನ್ನು ಕೊಳ್ಳಲೂ ಇಡಲೂ ಸಾಧ್ಯವಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದಿಟ್ಟ ಹೆಜ್ಜೆ ಅದೇ.

ಆಸ್ಪತ್ರೆಗಳಿಗೆ ಒಗ್ಗಿದ ರೂಪ ಬಂದದ್ದು 2005ರಲ್ಲಿ. ಸೀಮೆನ್ಸ್ ಕಂಪನಿ ಪ್ರಕಟಿಸಿದ ಆ ಯಂತ್ರದಲ್ಲಿ ಎರಡು ಟ್ಯೂಬು, ಎರಡು ಡಿಟೆಕ್ಟರ್. ಒಂದು ಜೋಡಿಗೆ ಇನ್ನೊಂದು ಜೋಡಿ 90 ಡಿಗ್ರಿ ಕೋನದಲ್ಲಿ. ಇಲ್ಲೊಂದು ಸಣ್ಣ ಲೆಕ್ಕವಿದೆ. ಎದುರಿನಿಂದ ತೆಗೆದ ನೆರಳು, ಬೆನ್ನಿನಿಂದ ತೆಗೆದ ನೆರಳು ಒಂದೇ ಮಾಹಿತಿ ಕೊಡುವುದರಿಂದ ಪೂರ್ಣ ಸುತ್ತು ಬೇಕಿಲ್ಲ, ಹೆಚ್ಚು ಕಡಿಮೆ ಅರ್ಧ ಸುತ್ತು ಸಾಕು. 0.33 ಸೆಕೆಂಡಿನ ಅರ್ಧ ಎಂದರೆ ಸುಮಾರು 165 ಮಿಲಿಸೆಕೆಂಡ್. ಟ್ಯೂಬು ಎರಡಾದರೆ ಆ ಅರ್ಧ ಸುತ್ತನ್ನು ಇಬ್ಬರೂ ಹಂಚಿಕೊಂಡು ಕಾಲು ಸುತ್ತಿನಲ್ಲೇ ಮುಗಿಸುತ್ತಾರೆ, ಸುಮಾರು 83 ಮಿಲಿಸೆಕೆಂಡ್. ಯಂತ್ರ ಒಂದಿಷ್ಟೂ ಜೋರಾಗಿ ತಿರುಗಲಿಲ್ಲ, ಸಮಯ ಮಾತ್ರ ಅರ್ಧವಾಯಿತು. ಮುಂದಿನ ಮಾದರಿಗಳಲ್ಲಿ ಇದು 75ಕ್ಕೆ, ಆಮೇಲೆ 66 ಮಿಲಿಸೆಕೆಂಡಿಗೆ ಇಳಿಯಿತು.

ಈ ಎಂಬತ್ತು ಮಿಲಿಸೆಕೆಂಡಿನ ಉಳಿತಾಯಕ್ಕೆ ಇಷ್ಟೆಲ್ಲ ಪಾಡು ಏಕೆ? ಹೃದಯ ನಿಮಿಷಕ್ಕೆ 60 ಸಲ ಬಡಿದರೆ ಒಂದು ಬಡಿತಕ್ಕೆ ಒಂದು ಸೆಕೆಂಡ್. ಅದರಲ್ಲಿ ಹೃದಯ ತುಸು ಸುಮ್ಮನಿರುವ ಗಳಿಗೆಯೊಂದು ಬರುತ್ತದೆ, ಚಿತ್ರ ಹಿಡಿಯುವುದು ಆಗಲೇ. ಬಡಿತ 90ಕ್ಕೆ ಏರಿದರೆ ಒಂದು ಬಡಿತಕ್ಕೆ ಸಿಗುವುದು 0.67 ಸೆಕೆಂಡ್, ಮತ್ತು ಮೊದಲು ಕಡಿತವಾಗುವುದು ಆ ವಿಶ್ರಾಂತಿಯ ಗಳಿಗೆಯೇ. ಆದ್ದರಿಂದ ಒಂದು ಟ್ಯೂಬಿನ ಯಂತ್ರದಲ್ಲಿ ಹೃದಯದ ರಕ್ತನಾಳ ನೋಡುವ ಮೊದಲು ಬಡಿತ ಇಳಿಸಲು ಬೀಟಾ ಬ್ಲಾಕರ್ ಗುಳಿಗೆ ಕೊಡುವ ರೂಢಿ. ಆದರೆ ಅಸ್ತಮಾ ಇದ್ದವರಲ್ಲಿ ಹಲವರಿಗೆ ಈ ಗುಳಿಗೆ ಆಗಿಬರುವುದಿಲ್ಲ. ಬಡಿತದ ತಾಳವೇ ತಪ್ಪಿದವರ ಪಾಡು ಇನ್ನೂ ಕಷ್ಟ. ಚಿತ್ರ ಮಸುಕಾಗಿ ಬಂದರೆ ನಾಳ ಕಟ್ಟಿದೆಯೋ ಇಲ್ಲವೋ ಎಂದು ಹೇಳಲಾಗದೆ, ತೊಡೆಯಿಂದಲೋ ಕೈಯಿಂದಲೋ ನಳಿಕೆ ತೂರಿಸುವ ಆಂಜಿಯೋಗ್ರಾಂಗೆ ಹೋಗಬೇಕಾಗುತ್ತದೆ. ಎರಡು ಟ್ಯೂಬಿನ ಯಂತ್ರ ನಿಜವಾಗಿ ನೆರವಾಗುವುದು ಇಂಥವರಿಗೆ.

ಇನ್ನೊಂದು ಉಪಯೋಗ ಮಕ್ಕಳಿಗೆ. ಎರಡು ಟ್ಯೂಬು ಇರುವುದರಿಂದ ಮಂಚವನ್ನೂ ಬೇಗ ಸರಿಸಬಹುದು. 2008ರ ಸುಮಾರಿಗೆ ಬಂದ ಮಾದರಿಯಲ್ಲಿ ಮಂಚ ಸೆಕೆಂಡಿಗೆ ಸುಮಾರು 45 ಸೆಂಟಿಮೀಟರ್ ಸರಿಯುತ್ತದೆ. ದೊಡ್ಡವರ ಎದೆಯ ಸ್ಕ್ಯಾನ್ ಕೂಡ ಒಂದು ಸೆಕೆಂಡಿನೊಳಗೆ ಆಯಿತು. ಉಸಿರು ಹಿಡಿಯಲಾರದ, ಹೇಳಿದ್ದು ಅರ್ಥವಾಗದ ಮಗುವನ್ನು ಔಷಧಿ ಕೊಟ್ಟು ಮಲಗಿಸದೆಯೂ ಎಷ್ಟೋ ಸಲ ಸ್ಕ್ಯಾನ್ ಮುಗಿಸಬಹುದು.

ಈಗ ವಿಕಿರಣದ ಪ್ರಶ್ನೆಗೆ ಬರೋಣ. ಒಂದು ಕಚೇರಿಯಲ್ಲಿ ದಿನಕ್ಕೆ ನೂರು ಅರ್ಜಿ ಬರುತ್ತವೆ. ಕೌಂಟರ್ ಎರಡು ತೆರೆದರೆ ಅರ್ಜಿ ಇನ್ನೂರಾಗುವುದಿಲ್ಲ, ಆ ನೂರೇ ಬೇಗ ಮುಗಿಯುತ್ತವೆ. ಚಿತ್ರಕ್ಕೆ ಬೇಕಾದ ಕಿರಣದ ಪ್ರಮಾಣ ನಿರ್ಧಾರವಾಗುವುದು ಯಾವ ಭಾಗ, ಎಷ್ಟು ಸ್ಪಷ್ಟ, ರೋಗಿ ಎಷ್ಟು ದಪ್ಪ ಎಂಬುದರ ಮೇಲೆ. ಟ್ಯೂಬು ಎರಡಾದರೆ ಆ ಪ್ರಮಾಣವನ್ನು ಅವು ಹಂಚಿಕೊಳ್ಳುತ್ತವೆ. ಮಂಚ ಬೇಗ ಸರಿಯುವ ವಿಧಾನದಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಕಿರಣ ಬೀಳದ ಕಾರಣ ವಿಕಿರಣ ಕಡಿಮೆಯೂ ಆಗುತ್ತದೆ. ಹಾಗೆಂದು ಯಂತ್ರ ತಾನಾಗಿ ಕಡಿಮೆ ಮಾಡಿಬಿಡುತ್ತದೆ ಎಂದು ತಿಳಿಯಬಾರದು. ಅದನ್ನು ಹೇಗೆ ಹೊಂದಿಸುತ್ತಾರೆ ಎಂಬುದೇ ಮುಖ್ಯ. ಸ್ಥೂಲಕಾಯರಿಗೆ ಎರಡೂ ಟ್ಯೂಬಿನ ಪೂರ್ತಿ ಶಕ್ತಿ ಬಳಸುವುದೂ ಉಂಟು.

ದೋಷವೇ ಇಲ್ಲವೆಂದಲ್ಲ. ಒಂದು ಟ್ಯೂಬಿನ ಕಿರಣ ದೇಹದೊಳಗೆ ಚದುರಿ ಇನ್ನೊಂದರ ಡಿಟೆಕ್ಟರಿನ ಮೇಲೆ ಬಿದ್ದು ಚಿತ್ರಕ್ಕೆ ಮಂಜು ಕವಿಸುತ್ತದೆ. ಅದನ್ನು ಅಳೆದು ಕಳೆಯಬೇಕಾಗುತ್ತದೆ. ಜಾಗದ ಅಭಾವದಿಂದ ಎರಡನೇ ಡಿಟೆಕ್ಟರ್ ಚಿಕ್ಕದು. ಮೊದಲ ಮಾದರಿಯಲ್ಲಿ ಅದು ನೋಡುತ್ತಿದ್ದದ್ದು 26 ಸೆಂಟಿಮೀಟರ್ ಅಗಲವನ್ನು ಮಾತ್ರ. ಹೃದಯಕ್ಕೆ ಸಾಕು, ಇಡೀ ಹೊಟ್ಟೆಗೆ ಸಾಲದು. ಬೆಲೆಯಂತೂ ಹೇಳುವುದೇ ಬೇಡ.

ಟ್ಯೂಬನ್ನು ತಿರುಗಿಸುವುದನ್ನೇ ಬಿಟ್ಟರೆ ಹೇಗೆ? ಆ ಪ್ರಯತ್ನವೂ ನಡೆದಿದೆ. ಹಳೆಯ ಟ್ಯೂಬಿನಲ್ಲಿ ಟಂಗ್‌ಸ್ಟನ್ ತಂತಿಯನ್ನು ಬಲ್ಬಿನಂತೆ ಕಾಯಿಸಿ ಎಲೆಕ್ಟ್ರಾನ್ ಹೊರಡಿಸುತ್ತಾರೆ. ಅದರ ಬದಲು ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳನ್ನು ಬಳಸಿದರೆ ಕಾಯಿಸುವುದೇ ಬೇಡ. ವೋಲ್ಟೇಜು ಕೊಟ್ಟ ಕ್ಷಣ ಹೊತ್ತಿ, ತೆಗೆದ ಕ್ಷಣ ಆರುತ್ತದೆ. ಮೂಲಗಳು ಚಿಕ್ಕವಾದ್ದರಿಂದ ಸಾಲಾಗಿ ಜೋಡಿಸಿ ಒಂದಾದ ಮೇಲೊಂದು ಮಿನುಗಿಸಬಹುದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಇಂಥ 31 ಮೂಲಗಳ ಸಾಲನ್ನು ಸ್ತನ ಕ್ಯಾನ್ಸರ್ ತಪಾಸಣೆಗೆಂದು ಮಾಡಿದರು. ಟ್ಯೂಬು ಚಲಿಸದಿದ್ದರೆ ಸಣ್ಣ ಸುಣ್ಣದ ಚುಕ್ಕೆಗಳೂ ಮಸುಕಾಗದೆ ಕಾಣುತ್ತವೆ ಎಂಬುದು ಇದರ ಹಿಂದಿನ ತರ್ಕ. ಸದ್ಯಕ್ಕೆ ಒಂದೊಂದು ಮೂಲದ ಶಕ್ತಿ ಕಡಿಮೆ. ಹೃದಯದ ಸಿ.ಟಿ.ಗೆ ಇದು ಬರಲು ಇನ್ನೂ ದೂರವಿದೆ ಎಂದು ನನ್ನ ಅನಿಸಿಕೆ.

ಸದಸ್ಯರಿಗೆ ಒಂದೆರಡು ಸೂಚನೆ. ಮೂತ್ರಕೋಶದ ಕಲ್ಲಿಗೆ, ಮೂಳೆ ಮುರಿತಕ್ಕೆ, ತಲೆಗೆ ಪೆಟ್ಟಾದಾಗ ಊರಿನ ಸಾಮಾನ್ಯ ಸಿ.ಟಿ. ಯಂತ್ರವೇ ಬೇಕಾದಷ್ಟಾಯಿತು. ಎರಡು ಟ್ಯೂಬಿನ ಯಂತ್ರ ಹುಡುಕಿಕೊಂಡು ನೂರು ಕಿಲೋಮೀಟರ್ ಹೋಗಿ ಹೊತ್ತು ಕಳೆಯಬೇಡಿ. ಹೃದಯದ ಸ್ಕ್ಯಾನಿಗೆ ಬರೆದುಕೊಟ್ಟಿದ್ದರೆ, ನಾಡಿ ಬಡಿತ ಎಷ್ಟಿದೆ, ಅಸ್ತಮಾ ಇದೆಯೇ, ಹಿಂದೆ ಬಣ್ಣದ ಔಷಧಿ ಚುಚ್ಚಿದಾಗ ತೊಂದರೆ ಆಗಿತ್ತೇ ಎಂಬುದನ್ನು ಮೊದಲೇ ತಿಳಿಸಿ. ಕಿಡ್ನಿ ಪರೀಕ್ಷೆಯ ವರದಿ ಜೊತೆಗಿರಲಿ.

ಗಡಿಯವರಾದ ನಮಗೆ ವಿಕಿರಣ ನಿಜಕ್ಕೂ ಎರಡು ಪಟ್ಟಾಗುವ ದಾರಿ ಬೇರೆಯೇ ಇದೆ. ಒಂದು ರಾಜ್ಯದಲ್ಲಿ ಮಾಡಿಸಿದ ಸ್ಕ್ಯಾನಿನ ಕಾಗದದ ವರದಿ ಮಾತ್ರ ಹಿಡಿದು ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುತ್ತೇವೆ. ಚಿತ್ರ ಕಾಣದ ವೈದ್ಯರು ಅದೇ ಸ್ಕ್ಯಾನನ್ನು ಮತ್ತೆ ಬರೆದುಕೊಡುತ್ತಾರೆ. ವರದಿಯ ಜೊತೆಗೆ ಚಿತ್ರಗಳಿರುವ ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯಿರಿ. ಹೊರಡುವ ಮೊದಲು ಅದು ತೆರೆಯುತ್ತದೆಯೇ ಎಂದು ಅಲ್ಲೇ ಒಮ್ಮೆ ಹಾಕಿ ತೋರಿಸಲು ಹೇಳಿ.

— ಕಾರ್ಯದರ್ಶಿ