ಕಚ್ಚಿ ಕೂತ ನಟ್ಟು, ಪಳಗಿದ ಕೈ

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬ ತೆಗೆದರೆ ಬೂದುಬಣ್ಣದ, ಎರಡು ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರದ ಒಂದು ಲೋಹದ ಸಾಮಾನು ಕಾಣುತ್ತದೆ. ಅದೇ ಕಾರ್ಬೊರೇಟರ್. ಪೆಟ್ರೋಲ್ ಪಂಪಿನಿಂದ ಹೊರಟ ತೆಳ್ಳನೆಯ ಪೈಪು ಅದರ ತಲೆಯ ಹತ್ತಿರ ಒಂದು ನಟ್ಟಿನ ಮೂಲಕ ಒಳಗೆ ಸೇರುತ್ತದೆ. ಹಳೆಯ ಕಾರುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಿನ ಕೈಗುಣ ಅಳೆಯಬೇಕೆಂದರೆ ನಾನು ನೋಡುವುದು ಈ ನಟ್ಟನ್ನು ಅವರು ಹೇಗೆ ಬಿಚ್ಚುತ್ತಾರೆ ಎಂಬುದನ್ನು. ಕಾರ್ಬೊರೇಟರನ್ನು ತೊಳೆಯಬೇಕಾದರೂ ಸರಿ, ನೀಡಲ್ ವಾಲ್ವ್ ಬದಲಿಸಬೇಕಾದರೂ ಸರಿ, ಮೊದಲು ಇದು ಬಿಚ್ಚಿಕೊಳ್ಳಬೇಕು. ಮೂವತ್ತು ನಲವತ್ತು ವರ್ಷ ಕೂತಲ್ಲೇ ಕೂತ ನಟ್ಟು ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಕಾರ್ಬೊರೇಟರಿನ ಕೆಲಸ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವುದು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹೆಚ್ಚಾಗಿ ಇದ್ದದ್ದು ಸೋಲೆಕ್ಸ್. 1910ರಲ್ಲಿ ಫ್ರಾನ್ಸಿನಲ್ಲಿ ಗೂದಾರ್ ಮತ್ತು ಮೆನ್ನೆಸ್ಸೋನ್ ಎಂಬ ಇಬ್ಬರು ಕಟ್ಟಿದ ಕಂಪನಿಯ ಹೆಸರು ಅದು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಿಗೆ ಇಂಜೆಕ್ಷನ್ ಬಂತು, ಕಾರ್ಬೊರೇಟರ್ ಹಿಂದೆ ಸರಿಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿತು. ಇಂದು ಈ ಕೆಲಸ ಉಳಿದಿರುವುದು ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಂದ, ಅವರ ನಂಬಿಕೆಯ ಕೆಲವೇ ಗ್ಯಾರೇಜುಗಳಿಂದ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಗ್ಯಾಸ್ಕೆಟ್, ವಾಷರ್, ನೀಡಲ್ ಇರುವ ರಿಪೇರಿ ಕಿಟ್ ಸಿಗಬಹುದು. ಆದರೆ ಕಾರ್ಬೊರೇಟರಿನ ಮೈ ಒಡೆದರೆ, ಥ್ರೆಡ್ ಕಿತ್ತುಬಂದರೆ, ಅಂಥದ್ದೇ ಇನ್ನೊಂದಕ್ಕೆ ಗುಜರಿ ಅಂಗಡಿಗಳನ್ನು ಸುತ್ತಬೇಕು. ಹಾಗಾಗಿ ನಟ್ಟು ಬಿಚ್ಚುವವನ ಮೊದಲ ಕರ್ತವ್ಯ ಆ ಮೈಯನ್ನು ಉಳಿಸುವುದು.

ನಟ್ಟು ಕಚ್ಚಿಕೊಳ್ಳುವುದಕ್ಕೆ ಕಾರಣ ಲೋಹಗಳಲ್ಲೇ ಇದೆ. ಕಾರ್ಬೊರೇಟರಿನ ಮೈ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ್ದು, ಮೆತ್ತಗಿನದು. ಅದರೊಳಗೆ ಕೂರುವ ಫಿಟಿಂಗ್ ಅನೇಕ ಕಡೆ ಹಿತ್ತಾಳೆಯದು. ಪೈಪಿನ ನಟ್ಟು ಉಕ್ಕಿನದು. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ ಕೂತು ನಡುವೆ ತೇವ ಸೇರಿದರೆ ಸತು ಮೊದಲು ಸವೆಯುತ್ತದೆ. ಬಿಚ್ಚಿದ ಹಳೆಯ ಫಿಟಿಂಗ್ ನೋಡಿ: ಥ್ರೆಡ್ಡಿನ ಸಂದಿಯಲ್ಲೆಲ್ಲ ಸುಣ್ಣ ಮೆತ್ತಿದಂತೆ ಬಿಳಿ ಪುಡಿ ಇರುತ್ತದೆ. ಅದೇ ಸತುವಿನ ತುಕ್ಕು. ತೇವಕ್ಕೆ ಈಗ ಪೆಟ್ರೋಲಿನ ದಾರಿಯೂ ಇದೆ. 2023ರ ಫೆಬ್ರವರಿ 6ರಂದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ದೇಶಕ್ಕೆ ಬಂದದ್ದು ಬೆಂಗಳೂರಿನ ಸಮಾರಂಭವೊಂದರಲ್ಲಿ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಹಳೆಯ ಕಾರಿನ ಸತು, ಹಿತ್ತಾಳೆ, ರಬ್ಬರುಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಇನ್ನೊಂದು ಕಾರಣ ಮನುಷ್ಯರದ್ದು, ಅತಿಯಾಗಿ ಬಿಗಿಯುವುದು. ಇಂಥ ಕಾರಿನ ಪಂಪು ಪೆಟ್ರೋಲನ್ನು ತಳ್ಳುವ ಒತ್ತಡ ಚದರ ಇಂಚಿಗೆ ಮೂರ್ನಾಲ್ಕು ಪೌಂಡ್, ಟಯರಿನೊಳಗಿನ ಗಾಳಿಯ ಹತ್ತರಲ್ಲೊಂದು ಪಾಲಿನಷ್ಟು. ಅದನ್ನು ತಡೆಯಲು ಭುಜದ ಬಲ ಬೇಕಾಗಿಲ್ಲ. ಆದರೂ ಸಣ್ಣ ಒಸರು ಕಂಡರೆ ಸಾಕು, ವಾಷರ್ ಬದಲಿಸುವ ಬದಲು ಇನ್ನೊಂದು ಸುತ್ತು ಬಿಗಿಯುವವರೇ ಹೆಚ್ಚು.

ಬಲ್ಲವರ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ತಂತಿ ಬ್ರಷ್ಷಿನಿಂದ ನಟ್ಟಿನ ಬುಡ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಫಿಟಿಂಗಿನ ಕೆಳಗೆ ಬಟ್ಟೆ ಒತ್ತುತ್ತಾರೆ. ಎಂಜಿನ್ ತಣ್ಣಗಿರಲೇಬೇಕು. ಅಂಬಾಸಿಡರಿನ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಎಂಜಿನ್ನಿನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಗಿವೆ. ಚೆಲ್ಲಿದ ಪೆಟ್ರೋಲ್ ನೇರ ಎಕ್ಸಾಸ್ಟಿನ ಮೇಲೆ ಬೀಳುತ್ತದೆ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಆಮೇಲೆ ಸ್ಪ್ಯಾನರ್. ಸಾಧಾರಣ ಓಪನ್ ಸ್ಪ್ಯಾನರ್ ನಟ್ಟಿನ ಎರಡೇ ಮೂಲೆಗಳ ಮೇಲೆ ಭಾರ ಹಾಕುತ್ತದೆ, ಜಾರಿದರೆ ಮೂಲೆ ಸವೆದು ನಟ್ಟು ದುಂಡಗಾಗುತ್ತದೆ. ರಿಂಗ್ ಸ್ಪ್ಯಾನರ್ ಹಾಕೋಣವೆಂದರೆ ಪೈಪು ಅಡ್ಡ. ಇದಕ್ಕೆಂದೇ ಬ್ರೇಕ್ ಪೈಪ್ ಕೆಲಸದವರು ಬಳಸುವ ಸ್ಪ್ಯಾನರ್ ಇದೆ: ರಿಂಗಿನ ಒಂದು ಬದಿ ಕತ್ತರಿಸಿರುತ್ತದೆ, ಆ ಸಂದಿಯಲ್ಲಿ ಪೈಪು ತೂರಿಸಿ ನಟ್ಟಿನ ಮೇಲೆ ಕೂರಿಸಬಹುದು. ಆದರೆ ಒಂದೇ ಸ್ಪ್ಯಾನರ್ ಸಾಲದು. ಹಿತ್ತಾಳೆಯ ಫಿಟಿಂಗನ್ನು ಒಂದರಲ್ಲಿ ಅಲುಗದಂತೆ ಹಿಡಿದು, ಉಕ್ಕಿನ ನಟ್ಟನ್ನು ಇನ್ನೊಂದರಲ್ಲಿ ತಿರುಗಿಸಬೇಕು. ಹಿಡಿಯದಿದ್ದರೆ ಕೈಯ ಬಲವೆಲ್ಲ ಮೆತ್ತಗಿನ ಸತುವಿನ ಥ್ರೆಡ್ಡಿಗೆ ಹೋಗುತ್ತದೆ. ನುರಿತವರು ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ಎಳೆಯುತ್ತಾರೆ; ತುಕ್ಕಿನ ಹಿಡಿತ ಮುರಿಯುವುದು ಹಾಗೆ. ಬಿಟ್ಟುಕೊಟ್ಟಾಗ "ಟಕ್" ಎಂಬ ಒಂದು ಚಿಕ್ಕ ಸದ್ದು. ಆ ಸದ್ದಿಲ್ಲದೆ ನಟ್ಟು ಮೆತ್ತಗೆ ತಿರುಗತೊಡಗಿದರೆ ಅನುಮಾನಿಸಬೇಕು. ಗ್ಯಾರೇಜೊಂದರಲ್ಲಿ ಕೆಲಸ ಕಲಿಯುವ ಹುಡುಗ ನಟ್ಟು ಬಂತೆಂದು ಹಿಗ್ಗಿದಾಗ ಉಸ್ತಾದರು ಅವನ ಕೈ ಹಿಡಿದರು: "ಲೋ, ಬಿಡೋ. ಸ್ಪ್ರಿಂಗ್ ಥರ ವಾಪಸ್ ಬರ್ತಿದೆ ಅಂದ್ರೆ ನಟ್ಟು ಬಿಚ್ಚಿಲ್ಲ, ಪೈಪ್ ತಿರುಚ್ಕೊಳ್ತಾ ಇದೆ." ಬಗ್ಗಿ ನೋಡಿದರೆ ಪೈಪಿನ ಮೇಲಿನ ಮಣ್ಣಿನ ಪದರ ಓರೆಯಾಗಿ ಬಿರಿದಿತ್ತು.

ಇಷ್ಟಕ್ಕೂ ನಟ್ಟು ಬಗ್ಗದಿದ್ದರೆ ಕೆಲವರು ಗ್ಯಾಸ್ ಬೆಂಕಿ ಹಿಡಿಯುತ್ತಾರೆ. ಇದನ್ನು ಕಂಡರೆ ನನಗೆ ಎದೆ ಝಲ್ ಎನ್ನುತ್ತದೆ. ಪೆಟ್ರೋಲಿನ ಆವಿ ಇರುವಲ್ಲಿ ಬೆಂಕಿಯೇ ತಪ್ಪು. ಅದರ ಜೊತೆಗೆ ಕಾರ್ಬೊರೇಟರಿನ ಈ ಸತುವಿನ ಮಿಶ್ರಲೋಹ 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಬೆಂಕಿಯ ಅಗತ್ಯವೂ ಇಲ್ಲ. ಪೈಪಿನ ಇನ್ನೊಂದು ತುದಿ ಕಳಚಿ, ಕಾರ್ಬೊರೇಟರನ್ನು ಪೈಪಿನ ಸಮೇತ ಇಳಿಸಿ, ಪೆಟ್ರೋಲ್ ಪೂರ್ತಿ ಬಸಿದು ಒಣಗಿಸಿ, ಅಂಗಡಿಯ ಹೊರಗೆ ಅದರ ಮೇಲೆ ಕುದಿನೀರು ಸುರಿದರೆ ಸಾಕು. ಬಿಸಿಗೆ ಸತು ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ, ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು. ಹನ್ನೆರಡು ಮಿಲಿಮೀಟರಿನ ತೂತಿನಲ್ಲಿ ಈ ವ್ಯತ್ಯಾಸ ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟೇ. ಆ ಸಂದಿ ಎಣ್ಣೆಗೆ ಸಾಕಾಗುತ್ತದೆ. ಬಿಸಿ, ಎಣ್ಣೆ, ನಟ್ಟಿನ ತಲೆಗೆ ಸಣ್ಣ ಸುತ್ತಿಗೆಯ ತಟ್ಟು, ಮತ್ತೆ ಬಿಸಿ; ಒಂದು ಬೆಳಗು ಪೂರ್ತಿ ಇದಕ್ಕೇ ಹೋದರೂ ಉಸ್ತಾದರು ಅವಸರಪಡುವುದಿಲ್ಲ.

ಗ್ಯಾರೇಜಿನ ಕೊನೆಯ ಉಪಾಯ ನನಗೆ ಬಹಳ ಮೆಚ್ಚಿಗೆ: ಪೈಪನ್ನೇ ನಟ್ಟಿನ ಮಗ್ಗುಲಲ್ಲಿ ಕತ್ತರಿಸುವುದು. ಪೈಪು ಹೋದ ಮೇಲೆ ಆರು ಮೂಲೆಯ ಸಾಕೆಟ್ ನಟ್ಟಿನ ಮೇಲೆ ಪೂರ್ತಿ ಕೂರುತ್ತದೆ, ಆರೂ ಮೂಲೆಗೆ ಸಮನಾದ ಭಾರ. ಪೈಪು ಯಾವಾಗ ಬೇಕಾದರೂ ಹೊಸದು ಬಗ್ಗಿಸಿಕೊಳ್ಳಬಹುದು. ಅದೂ ಆಗದಿದ್ದರೆ ಲೇತ್ ಅಂಗಡಿಯೇ ಗತಿ: ಫಿಟಿಂಗನ್ನು ಕೊರೆದು ತೆಗೆದು ಹೊಸ ಥ್ರೆಡ್ ಕೂರಿಸಬೇಕು.

ಮರುಜೋಡಣೆಗೆ ಮೊದಲು ಫಿಟಿಂಗಿನೊಳಗೆ ಜಾಲರಿ ಇದ್ದರೆ ಅದನ್ನು ತೊಳೆಯಬೇಕು, ಬಿಳಿ ಪುಡಿ ಫ್ಲೋಟ್ ಕೋಣೆಗೆ ಬೀಳದಂತೆ ಥ್ರೆಡ್ ಒರೆಸಬೇಕು. ವಾಷರ್ ಹೊಸದೇ ಆಗಬೇಕು. ನಟ್ಟನ್ನು ಬೆರಳಿನಲ್ಲೇ ಎರಡು ಮೂರು ಸುತ್ತು ಓಡಿಸಿ ನೋಡಿ, ಸಲೀಸಾಗಿ ಓಡಿದರೆ ಮಾತ್ರ ಸ್ಪ್ಯಾನರ್ ಮುಟ್ಟಿಸಬೇಕು. ಎಂಜಿನ್ ಚಾಲು ಮಾಡಿ ಫಿಟಿಂಗಿನ ಸುತ್ತ ಒಣ ಬೆರಳಾಡಿಸಿ, ಒಸರು ಇದೆಯೇ ಎಂದು ನೋಡಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್ನೊಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿದ ಮೇಲಷ್ಟೇ ಕಾರು ಮಾಲೀಕರ ಕೈಗೆ ಹೋಗಬೇಕು.